ಏರ್ ಫಿಲ್ಟರ್ ಕೊಳ್ಳುವಾಗ ಕಾಗದಕ್ಕಿಂತ ಮೊದಲು ಅಂಚು ನೋಡಿ

ನಮ್ಮೂರು ಹೊಸಪೇಟೆ. ಸಂಡೂರಿನ ಕಡೆ ಒಮ್ಮೆ ಹೋಗಿಬಂದರೆ ಬಿಳಿ ಕಾರು ಕೆಂಪಾಗಿರುತ್ತದೆ. ಅದಿರು ಲಾರಿಯ ಹಿಂದೆ ಅರ್ಧ ಗಂಟೆ ಸಿಕ್ಕಿಕೊಂಡರಂತೂ ಗಾಜಿಗೆ ನೀರು ಹೊಡೆಯದೆ ದಾರಿ ಕಾಣದು. ಇಂಥ ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ ಮೇಲೆ ಏರ್ ಫಿಲ್ಟರ್ (ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಸೋಸುವ ನಿರಿಗೆ ಕಾಗದ, ಸುತ್ತಲೂ ರಬ್ಬರ್ ಅಂಚು) ವಿಷಯದಲ್ಲಿ ನಾನು ಸ್ವಲ್ಪ ಕಿರಿಕಿರಿ ಗಿರಾಕಿ ಆಗಿದ್ದೇನೆ. ಹಾಗಾಗಲು ಕಾರಣ ನನ್ನದೇ ಒಂದು ಎಡವಟ್ಟು.

ಒಂದು ಭಾನುವಾರ ಮಾಮೂಲಿ ಅಂಗಡಿ ಮುಚ್ಚಿತ್ತು. ಇನ್ನೊಂದು ಅಂಗಡಿಗೆ ಹೋಗಿ ಕಾರಿನ ಹೆಸರು ಹೇಳಿದೆ. ಅವರು ಹಿಂದೆ ತಿರುಗಿ ಕೂಡ ನೋಡದೆ ಒಂದು ಡಬ್ಬಿ ಎಳೆದು ಕೊಟ್ಟರು. "ಎಲ್ಲಾ ಮಾಡೆಲ್ಲಿಗೂ ಇದೇ ಬರೋದ್ರೀ ಸರ." ಉದ್ದ ಅಗಲ ಸರಿಯಾಗೇ ಇತ್ತು. ಮನೆಗೆ ಬಂದು ನಾನೇ ಹಾಕಿದೆ. ಕಾರಿನೊಳಗೆ ಫಿಲ್ಟರ್ ಕೂರುವ ಡಬ್ಬಿಯ ಮುಚ್ಚಳ ಸಲೀಸಾಗಿ ಕೂತಿತು ಅಂತ ಖುಷಿಪಟ್ಟೆ. ನಿಜಕ್ಕೂ ಅನುಮಾನ ಬರಬೇಕಾಗಿದ್ದೇ ಅಲ್ಲಿ. ನಾಲ್ಕು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಗ್ಯಾರೇಜಿಗೆ ಹೋದಾಗ ನಮ್ಮ ಮೇಸ್ತ್ರಿ ಫಿಲ್ಟರ್ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ, ಒಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುದಿ ಕುಂಕುಮ ಮುಟ್ಟಿದ ಹಾಗಿತ್ತು. "ಫಿಲ್ಟರ್ ಹೊಸದೈತಿ ಸರ, ಆದ್ರ ಇಂಜಿನ್ನು ಮಣ್ಣು ತಿಂದೈತ್ರಿ" ಅಂದರು. ಹಳೆಯ ಫಿಲ್ಟರ್ ಪಕ್ಕದಲ್ಲಿಟ್ಟು ನೋಡಿದರೆ ಹೊಸದರ ರಬ್ಬರ್ ಅಂಚು ಸುಮಾರು 3 ಮಿಲಿಮೀಟರ್ ತೆಳ್ಳಗಿತ್ತು. ಕಾಗದ ಚೆನ್ನಾಗೇ ಇತ್ತು. ಗಾಳಿ ಮಾತ್ರ ಕಾಗದದ ಗೊಡವೆಗೆ ಹೋಗದೆ ಅಂಚಿನ ಸಂದಿಯಲ್ಲಿ ಒಳಗೆ ನುಗ್ಗಿತ್ತು.

3 ಮಿಲಿಮೀಟರ್ ಎಷ್ಟು ದೊಡ್ಡದು ಅನ್ನೋದಕ್ಕೆ ಒಂದು ಲೆಕ್ಕ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಅದರ ತೂಕದ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿಯ ಹತ್ತಿರ ತೂಗುತ್ತದೆ ಅಂದರೆ 11 ಕೆಜಿ ಗಾಳಿ, ಅಳತೆಯಲ್ಲಿ ಸುಮಾರು 9,000 ಲೀಟರ್. 35 ಲೀಟರಿನ ಟ್ಯಾಂಕು ಖಾಲಿಯಾಗುವಷ್ಟರಲ್ಲಿ ಮೂರು ಲಕ್ಷ ಲೀಟರಿಗೂ ಹೆಚ್ಚು ಗಾಳಿ ಆ ಪುಟ್ಟ ಡಬ್ಬಿಯ ಮೂಲಕ ಹಾದಿರುತ್ತದೆ. ಇಂಜಿನ್ ಸವೆಸುವುದರಲ್ಲಿ 5ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಧೂಳಿನದು ದೊಡ್ಡ ಪಾಲು. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಹೀಗಿರುವಾಗ ಬರೀ 1 ಮಿಲಿಮೀಟರ್ ಸಂದು ಅಂದರೂ 20 ಮೈಕ್ರಾನಿನ ಕಣಕ್ಕೆ ಅದರ 50 ಪಟ್ಟು ಅಗಲದ ಹೆಬ್ಬಾಗಿಲು. ಮಣ್ಣಿನಲ್ಲಿರುವ ಬೆಣಚು ಪುಡಿಯ ಗಡಸುತನ ಮೋಸ್ ಮಾಪಕದಲ್ಲಿ (ಗಡಸುತನಕ್ಕೆ 1ರಿಂದ 10ರವರೆಗಿನ ಅಳತೆ) 7, ನಮ್ಮ ಕಡೆಯ ಕಬ್ಬಿಣದ ಅದಿರಿನದು 5.5ರಿಂದ 6.5. ಪಿಸ್ಟನ್ನಿನ ಅಲ್ಯೂಮಿನಿಯಂ ಇವುಗಳ ಮುಂದೆ ಬೆಣ್ಣೆ. ರಿಂಗು, ಸಿಲಿಂಡರ್ ಗೋಡೆ ಗೀರಿದ ಮೇಲೆ ಅದೇ ಪುಡಿ ಇಂಜಿನ್ ಆಯಿಲ್‌ಗೆ ಸೇರಿ ಬೇರಿಂಗಿನವರೆಗೂ ಹೋಗುತ್ತದೆ. ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು) ಇರುವ ಗಾಡಿಯಲ್ಲಿ ಮೊದಲ ಪೆಟ್ಟು ಟರ್ಬೊದ ರೆಕ್ಕೆಗೆ ಬೀಳುತ್ತದೆ.

ಹಾಗಾಗಿ, ಅಂಚಿನಲ್ಲಿ ಸಡಿಲವಾಗಿ ಕೂತ ಹೊಸ ಫಿಲ್ಟರಿಗಿಂತ ಗಟ್ಟಿಯಾಗಿ ಕೂತ ಕೊಳಕು ಫಿಲ್ಟರ್ ಎಷ್ಟೋ ವಾಸಿ. ಕೊಳಕಾದದ್ದು ಪಿಕಪ್ ತಿನ್ನುತ್ತದೆ. ಸಡಿಲವಾದದ್ದು ಇಂಜಿನ್ನನ್ನೇ ತಿನ್ನುತ್ತದೆ.

ಬದಲಾಯಿಸುವ ಕಾಲ ಬಂದಿದೆಯಾ?

ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಕಿಲೋಮೀಟರ್ ಬರೆದಿರುತ್ತಾರೆ. ಎಷ್ಟೋ ಪೆಟ್ರೋಲ್ ಕಾರುಗಳಿಗೆ ಅದು 30ರಿಂದ 40 ಸಾವಿರ. ಧೂಳಿನ ರಸ್ತೆಯಾದರೆ ಬೇಗ ಬದಲಾಯಿಸಿ ಅಂತಲೂ ಅದರ ಪಕ್ಕದಲ್ಲೇ ಬರೆದಿರುತ್ತದೆ, ನಾವು ಅದನ್ನು ಓದಿರುವುದಿಲ್ಲ. ಗಣಿ, ಕ್ರಷರ್, ಹೊಲದ ದಾರಿ, ಅಗೆದು ಬಿಟ್ಟ ಬೈಪಾಸ್ ದಿನಾ ಸಿಗುವವರು ಹೇಳಿದ್ದರ ಅರ್ಧಕ್ಕೆ ಬದಲಾಯಿಸಿದರೂ ದುಂದು ಅಲ್ಲ. ಮಲೆನಾಡು, ಕರಾವಳಿಯವರಿಗೆ ಧೂಳಿಗಿಂತ ತೇವದ ಕಾಟ ಹೆಚ್ಚು. ಕಾಗದ ನೆಂದು ಅಲೆಯಲೆಯಾಗಿದ್ದರೆ ಕಿಲೋಮೀಟರ್ ನೋಡಬೇಡಿ, ತೆಗೆದುಬಿಡಿ.

ಮೈಲೇಜ್ ಬಿದ್ದಿಲ್ಲ, ಆದ್ದರಿಂದ ಫಿಲ್ಟರ್ ಚೆನ್ನಾಗಿದೆ ಅನ್ನುವ ಲೆಕ್ಕ ಈಗಿನ ಕಾರುಗಳಲ್ಲಿ ನಡೆಯುವುದಿಲ್ಲ. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನ) ಕಾಲದಲ್ಲಿ ಅದು ನಿಜವಿತ್ತು. ಈಗ ಬರುವ ಗಾಳಿಯ ಅಳತೆ ನೋಡಿ ಕಂಪ್ಯೂಟರೇ ಪೆಟ್ರೋಲ್ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿದಾಗಲೂ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ವೇಗ ಹಿಡಿಯುವುದು ಮಾತ್ರ ನಿಧಾನವಾಯಿತು. ಘಾಟಿಯಲ್ಲಿ ಒಂದು ಗೇರ್ ಹೆಚ್ಚಿಗೆ ಇಳಿಸಬೇಕಾಗಿ ಬಂದಾಗ ಬಾನೆಟ್ ಎತ್ತಿ ನೋಡಿ.

ಅಂಗಡಿಗೆ ಹೋಗುವ ಮೊದಲು

ಹಳೆಯ ಫಿಲ್ಟರನ್ನು ಹೊರಗೆ ತೆಗೆಯಿರಿ. ಹೆಚ್ಚಿನ ಕಾರುಗಳಲ್ಲಿ ಇದು ಹತ್ತು ನಿಮಿಷದ ಕೆಲಸ. ಕಪ್ಪು ಪ್ಲಾಸ್ಟಿಕ್ ಡಬ್ಬಿ, ನಾಲ್ಕು ಕ್ಲಿಪ್ಪು ಅಥವಾ ನಾಲ್ಕೈದು ಸ್ಕ್ರೂ. ತೆಗೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ, ಯಾವ ಮುಖ ಮೇಲಿತ್ತು ಅನ್ನೋದು ಆಮೇಲೆ ಖಂಡಿತ ಮರೆತುಹೋಗುತ್ತದೆ. ಒಳಗೆ ಶೇಂಗಾ ಸಿಪ್ಪೆ, ಹರಿದ ಪೇಪರು ಸಿಕ್ಕರೆ ಗಾಬರಿ ಬೇಡ. ನಿಂತ ಕಾರಿನ ಫಿಲ್ಟರ್ ಡಬ್ಬಿ ಇಲಿಗಳಿಗೆ ಬೆಚ್ಚಗಿನ ಮನೆ. ಆದರೆ ಕಾಗದ ಕಚ್ಚಿ ತೂತು ಮಾಡಿವೆಯಾ ನೋಡಿ.

ಇನ್ನು ಮುಖ್ಯವಾದ ಪರೀಕ್ಷೆ. ಫಿಲ್ಟರ್ ದಾಟಿದ ಮೇಲಿನ ಭಾಗವನ್ನು, ಅಂದರೆ ಇಂಜಿನ್ ಕಡೆಯ ಮುಚ್ಚಳದ ಒಳಮೈ ಮತ್ತು ಪೈಪನ್ನು, ಒಂದು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬಿಳಿಯಾಗೇ ಇರಬೇಕು. ಒಂಚೂರು ಎಣ್ಣೆಯ ಜಿಡ್ಡು ಬಂದರೆ ಪರವಾಗಿಲ್ಲ. ಧೂಳು ಬಂದರೆ ಹಳೆಯದೂ ಸರಿಯಾಗಿ ಕೂತಿರಲಿಲ್ಲ ಅಂತ. ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಅಡ್ಡಲಾಗಿ ಮಣ್ಣಿನ ಗೆರೆಗಳು ಎಳೆದಂತೆ ಇದ್ದರೆ ಗಾಳಿ ಸೋರಿದ ಜಾಗ ಅದೇ. ಹಳೆಯದೇ ತಪ್ಪು ಸೈಜಿನದಾಗಿದ್ದರೆ ಅದನ್ನೇ ಮಾದರಿಯಾಗಿ ಅಂಗಡಿಗೆ ಒಯ್ದು ಇನ್ನೊಂದು ತಪ್ಪು ತರಬೇಡಿ.

ಹೊಸದು ಬರುವವರೆಗೆ ಹಳೆಯದನ್ನೇ ವಾಪಸ್ ಹಾಕಿಡಿ. ಫಿಲ್ಟರ್ ಇಲ್ಲದೆ ಕಾರು ಸ್ಟಾರ್ಟ್ ಮಾಡಬಾರದು, ಓಣಿಯ ತುದಿಯವರೆಗೂ ಬೇಡ.

ಕಾರಿನ ಹೆಸರು ಸಾಲದು, ಇಂಜಿನ್ ಹೇಳಿ

ಅಂಗಡಿಯಲ್ಲಿ ಬರೀ "ಸ್ವಿಫ್ಟ್ ಫಿಲ್ಟರ್ ಕೊಡಿ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 2005ರಲ್ಲಿ ಸ್ವಿಫ್ಟ್ ಇಲ್ಲಿ ಬಂದಾಗ 1.3 ಲೀಟರ್ ಪೆಟ್ರೋಲ್ ಇಂಜಿನ್ ಇತ್ತು. 2007ರಲ್ಲಿ 1.3 ಡೀಸೆಲ್ ಬಂತು. 2010ರಲ್ಲಿ ಪೆಟ್ರೋಲಿಗೆ 1.2 ಲೀಟರಿನ ಕೆ-ಸೀರೀಸ್ ಬಂತು. 2011, 2018ರಲ್ಲಿ ಕಾರಿನ ಮೈಯೇ ಬದಲಾಯಿತು. 2021ರಲ್ಲಿ ಇನ್ನೊಂದು 1.2 ಇಂಜಿನ್, 2024ರಲ್ಲಿ ಮೂರು ಸಿಲಿಂಡರಿನದು. ಹೆಸರು ಒಂದೇ, ಬಾನೆಟ್ ಕೆಳಗೆ ಬೇರೆ ಬೇರೆ ಸಂಸಾರ. ಇದರ ಉಲ್ಟಾ ಕೂಡ ಉಂಟು. ಟೊಯೋಟಾ ಗ್ಲಾಂಜಾ ಅಂದರೆ ಒಳಗಡೆ ಮಾರುತಿ ಬಲೆನೊ, ಇಂಜಿನ್ ಸುಜುಕಿಯದೇ.

ಆದ್ದರಿಂದ ಅಂಗಡಿಯವರಿಗೆ ಹೇಳಬೇಕಾದದ್ದು: ಕಾರು ತಯಾರಾದ ತಿಂಗಳು ಮತ್ತು ವರ್ಷ, ಇಂಜಿನ್ ಎಷ್ಟು ಸಿಸಿ, ಪೆಟ್ರೋಲೋ ಡೀಸೆಲ್ಲೋ, ಬಿಎಸ್4ಓ ಬಿಎಸ್6ಓ (ಹೊಗೆಯ ಮಿತಿಗೆ ಸರ್ಕಾರ ಇಟ್ಟ ದರ್ಜೆ). ಹೆಚ್ಚಿನವು ಆರ್‌ಸಿಯಲ್ಲೇ ಇರುತ್ತವೆ. ಬಿಎಸ್6 ದೇಶಕ್ಕೆಲ್ಲ ಕಡ್ಡಾಯವಾದದ್ದು 2020ರ ಏಪ್ರಿಲ್‌ನಲ್ಲಿ, ಹಾಗಾಗಿ ಆ ಆಸುಪಾಸಿನ ಕಾರುಗಳವರು ಇನ್ನಷ್ಟು ಹುಷಾರಾಗಿರಬೇಕು. ಎಲ್ಲಕ್ಕಿಂತ ಭದ್ರವಾದ ದಾರಿ 17 ಅಕ್ಷರ-ಅಂಕಿಗಳ ಚಾಸಿ ನಂಬರ್. ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಅದನ್ನು ಕೊಟ್ಟರೆ ನಿಮ್ಮದೇ ಕಾರಿಗೆ ಯಾವ ಪಾರ್ಟ್ ನಂಬರ್ ಅಂತ ಕಂಪ್ಯೂಟರ್ ನೋಡಿ ಹೇಳುತ್ತಾರೆ. ಅಲ್ಲೇ ಕೊಳ್ಳಬೇಕೆಂದೇನಿಲ್ಲ, ನಂಬರ್ ಬರೆದುಕೊಂಡು ಬಂದರೂ ಸಾಕು. ಹಳೆಯ ನಂಬರಿನ ಜಾಗಕ್ಕೆ ಹೊಸ ನಂಬರ್ ಬಂದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ಎಷ್ಟೋ ಕಂಪನಿಗಳಲ್ಲಿ ಪಾರ್ಟ್ ನಂಬರಿನ ಮೊದಲ ಐದು ಅಂಕಿ ವಸ್ತು ಯಾವುದು ಅನ್ನೋದನ್ನು ಹೇಳುತ್ತವೆ. ಸುಜುಕಿಯಲ್ಲಿ ಇಂಜಿನ್ ಏರ್ ಫಿಲ್ಟರ್ 13780ರಿಂದ ಶುರು. ಹುಂಡೈ, ಕಿಯಾದಲ್ಲಿ 28113, ಟೊಯೋಟಾದಲ್ಲಿ 17801, ಹೋಂಡಾದಲ್ಲಿ 17220. ಇದು ಯಾಕೆ ಗೊತ್ತಿರಬೇಕು ಅಂದರೆ, ಕಾರಿನಲ್ಲಿ ಇನ್ನೊಂದು ಗಾಳಿ ಫಿಲ್ಟರ್ ಇದೆ, ಎಸಿಯದ್ದು. ಹೆಚ್ಚಾಗಿ ಗ್ಲೋವ್‌ಬಾಕ್ಸ್ ಹಿಂದೆ ಇರುತ್ತದೆ. ಆನ್‌ಲೈನಿನಲ್ಲಿ 'ಏರ್ ಫಿಲ್ಟರ್' ಅಂತ ಹುಡುಕಿ ಎಸಿ ಫಿಲ್ಟರ್ ತರಿಸಿಕೊಂಡವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ. ಹುಂಡೈಯಲ್ಲಿ ಎಸಿಯದ್ದು 97133, ಟೊಯೋಟಾದಲ್ಲಿ 87139. ಮೊದಲ ಐದಂಕಿ ನೋಡಿದರೆ ಆ ಗಲಿಬಿಲಿ ಇಲ್ಲ. ಐದಂಕಿಯ ನಂತರ ಬರುವ ಅಕ್ಷರ-ಅಂಕಿ ಯಾವ ಮಾಡೆಲ್ಲಿಗೆ ಅನ್ನೋದನ್ನು ಹೇಳುತ್ತವೆ. ಅಲ್ಲಿ ಒಂದೇ ಒಂದು ಅಕ್ಷರ ಬೇರೆಯಿದ್ದರೂ ಕೊಳ್ಳುವ ಮೊದಲು ಕೇಳಿ.

ಕಂಪನಿ ಪಾರ್ಟೇ ಬೇಕಾ? ಬೇಕೇ ಬೇಕು ಅಂತಿಲ್ಲ. ಬಾಷ್, ಮಾಹ್ಲೆ, ಪ್ಯೂರೊಲೇಟರ್, ಮಾನ್ ಮುಂತಾದವರ ಫಿಲ್ಟರುಗಳೂ ನಮ್ಮ ಊರುಗಳಲ್ಲಿ ಸಿಗುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರಂತೂ ಆಯ್ಕೆಯೋ ಆಯ್ಕೆ. ನಾನು ಕೇಳುವುದು ಒಂದೇ ಪ್ರಶ್ನೆ: ಈ ಡಬ್ಬಿಯ ಮೇಲೆ ಅಥವಾ ತಯಾರಕರ ಕ್ಯಾಟಲಾಗಿನಲ್ಲಿ ನನ್ನ ಕಾರಿನ ಕಂಪನಿ ಪಾರ್ಟ್ ನಂಬರಿಗೆ ಇದು ಬದಲಿ ಅಂತ ಬರೆದಿದೆಯಾ? ಬರೆದಿದ್ದರೆ ಮುಂದಿನ ಮಾತು. "ಕುಂದ್ರತೈತ್ರೀ, ಒತ್ತಿದ್ರ ಆತು" ಅಂದರೆ ಡಬ್ಬಿ ವಾಪಸ್.

ಕೌಂಟರಿನ ಮೇಲೆ ಎರಡನ್ನೂ ಇಟ್ಟು ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಅಂಗಡಿಯವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ. ಡಬ್ಬಿ ಒಡೆಯುವ ಮೊದಲು ಲೇಬಲ್ ನೋಡಿ. 2011ರ ಪ್ಯಾಕೇಜ್ ಸರಕುಗಳ ನಿಯಮದ ಪ್ರಕಾರ ತಯಾರಕರ ಹೆಸರು ವಿಳಾಸ, ಎಂಆರ್‌ಪಿ, ತಯಾರಾದ ತಿಂಗಳು ವರ್ಷ, ದೂರು ಹೇಳಬೇಕಾದ ವಿಳಾಸ ಎಲ್ಲ ಇರಲೇಬೇಕು. ದೊಡ್ಡ ಹೆಸರಿನ ಡಬ್ಬಿಯಲ್ಲಿ ಇವು ಅಳಿಸಿದಂತಿದ್ದರೆ, ಕಾಗುಣಿತ ತಪ್ಪಿದ್ದರೆ, ಡುಪ್ಲಿಕೇಟ್ ಅಂತ ಅನುಮಾನಿಸಿ.

ಆಮೇಲೆ ಫಿಲ್ಟರನ್ನು ಹೊರಗೆ ತೆಗೆದು ಹಳೆಯದರ ಪಕ್ಕ ಇಡಿ. ಎಲ್ಲರೂ ಉದ್ದ ಅಗಲ ನೋಡುತ್ತಾರೆ. ನೀವು ಅಂಚಿನ ದಪ್ಪ ನೋಡಿ. ಎರಡನ್ನೂ ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದರೆ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಕಾಣುತ್ತದೆ. ಹಳೆಯ ರಬ್ಬರು ವರ್ಷಗಟ್ಟಲೆ ಒತ್ತಿಸಿಕೊಂಡು ಒಂಚೂರು ತಗ್ಗಿರುತ್ತದೆ, ಆದ್ದರಿಂದ ಹೊಸದು ಕೂದಲೆಳೆಯಷ್ಟು ಎತ್ತರ ಇದ್ದರೆ ಒಳ್ಳೆಯದೇ. ತಗ್ಗಾಗಿದ್ದರೆ ಬೇಡವೇ ಬೇಡ. ಅಂಚಿನ ಕೆಳಗೆ ಏಣು (ಉಬ್ಬಿದ ಗೆರೆ), ಕಾಲುವೆ (ತಗ್ಗಿನ ಗೆರೆ), ಮೂಲೆಯಲ್ಲಿ ಕಿವಿಯಂಥ ಚಾಚು ಇದ್ದರೆ ಅವು ಹೊಸದರಲ್ಲೂ ಅದೇ ಜಾಗದಲ್ಲಿರಬೇಕು. ಕಾರಿನ ಡಬ್ಬಿಯ ಏಣು ಫಿಲ್ಟರಿನ ಕಾಲುವೆಯಲ್ಲಿ ಕೂತರೇನೇ ಗಾಳಿ ಬಂದ್. ಕಾಲುವೆ ಇಲ್ಲದ ಸಪಾಟು ಅಂಚಿನ ಅಗ್ಗದ ಮಾಲು ಹೊರಗಿನಿಂದ ತದ್ರೂಪಿಯಂತೆ ಕಂಡು ಇಲ್ಲೇ ಮೋಸ ಮಾಡುತ್ತದೆ.

ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಬಿಡಿ. ಮೆತ್ತಗೆ ತಗ್ಗಿ ತಕ್ಷಣ ಮೇಲೇಳಬೇಕು. ಒತ್ತಿದ ಗುರುತು ಹಾಗೇ ಉಳಿದರೆ ಅಥವಾ ಚಪ್ಪಲಿ ಅಟ್ಟೆಯಂತೆ ಗಟ್ಟಿಯಾಗಿದ್ದರೆ ಅದು ಡಬ್ಬಿಯ ಅಂಚಿಗೆ ಹೊಂದಿಕೊಳ್ಳುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ ನೋಡಿ, ಕಾಗದ ರಬ್ಬರಿನಿಂದ ಬಿಡುವಂತೆ ಚಟ್ ಅಂದರೆ ಅಂಟು ಸರಿ ಹಿಡಿದಿಲ್ಲ.

ಈಗ ನಿರಿಗೆಗಳು. ಒಳ್ಳೆ ಫಿಲ್ಟರಿನ ನಿರಿಗೆ ಇಸ್ತ್ರಿ ಮಾಡಿದ ಪಂಚೆಯ ನಿರಿಗೆಯಂತೆ ಒಂದೇ ಅಂತರದಲ್ಲಿ ನೆಟ್ಟಗಿರುತ್ತದೆ. ಎಣಿಸಿ, ನಾಚಿಕೆ ಬೇಡ. ಉದಾಹರಣೆಗೆ 20 ಸೆಂಟಿಮೀಟರ್ ಉದ್ದ, 3.5 ಸೆಂಟಿಮೀಟರ್ ಆಳದ 60 ನಿರಿಗೆ ಇದ್ದರೆ, ಒಂದೊಂದಕ್ಕೂ ಎರಡು ಮೈ ಲೆಕ್ಕದಲ್ಲಿ 8,400 ಚದರ ಸೆಂಟಿಮೀಟರ್ ಕಾಗದ. ಅದೇ ಚೌಕಟ್ಟಿನಲ್ಲಿ 45 ನಿರಿಗೆ ಹಾಕಿ ಮುಗಿಸಿದರೆ 6,300. ಕಾಲುಭಾಗ ಕಾಗದ ಮಾಯ! ಅಷ್ಟೇ ಗಾಳಿ ಕಡಿಮೆ ಜಾಗದಲ್ಲಿ ಹಾಯಬೇಕು, ಬೇಗ ಕಟ್ಟಿಕೊಳ್ಳುತ್ತದೆ. ಹಳೆಯದಕ್ಕಿಂತ ಎರಡು ಮೂರು ಹೆಚ್ಚು ಕಡಿಮೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ, ಕಾಗದದ ಜಾತಿ ಬೇರೆ ಇರಬಹುದು. ಹಳೆಯದರ ಮೇಲೆ ಸ್ಪಂಜಿನ ಪದರವೋ ಹಿಂದೆ ಜಾಲರಿಯೋ ಇದ್ದಿದ್ದರೆ ಹೊಸದರಲ್ಲೂ ಇರಲಿ.

ಕೊನೆಗೆ ಫೋನಿನ ಟಾರ್ಚ್ ಹಚ್ಚಿ ಫಿಲ್ಟರಿನ ಹಿಂದೆ ಹಿಡಿಯಿರಿ. ಮಂದ ಬೆಳಕು ಎಲ್ಲ ಕಡೆ ಸಮನಾಗಿ ಬರಬೇಕು. ಸೂಜಿಮೊನೆಯಂಥ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ. ಕಾಗದ ರಬ್ಬರನ್ನು ಸೇರುವ ಮೂಲೆಗಳನ್ನು ಬಿಡದೆ ನೋಡಿ.

ಬೆಲೆಯ ಮಾತು. ಸಣ್ಣ ಪೆಟ್ರೋಲ್ ಕಾರುಗಳಿಗೆ ಕಂಪನಿ ಪಾರ್ಟಿಗೂ ಲೋಕಲ್ ಮಾಲಿಗೂ ಇರುವ ವ್ಯತ್ಯಾಸ ಎರಡು ಮೂರು ಲೀಟರ್ ಪೆಟ್ರೋಲಿನ ದುಡ್ಡು. ಎರಡು ವರ್ಷಕ್ಕೊಮ್ಮೆ ಬರುವ ಈ ಖರ್ಚಿನಲ್ಲಿ ಚೌಕಾಸಿ ಮಾಡುವುದು ನನಗೆ ಸರಿಕಾಣದು. ಎಣ್ಣೆ ಹಚ್ಚಿದ ಬಟ್ಟೆಯ ರೇಸಿಂಗ್ ಫಿಲ್ಟರ್ ಹಾಕಿಸಿ ಅಂತ ಹುಡುಗರು ಹೇಳುತ್ತಾರೆ. ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಮೆತ್ತಿಕೊಳ್ಳಬಹುದು. ಡಬ್ಬಿಯನ್ನೇ ಕಿತ್ತು ಬರೀ ಕೊಳವೆಯಾಕಾರದ ಫಿಲ್ಟರ್ ಸಿಕ್ಕಿಸಿದರೆ ಬಾನೆಟ್ಟಿನ ಬಿಸಿಗಾಳಿಯನ್ನೇ ಇಂಜಿನ್ ಕುಡಿಯುತ್ತದೆ. ಸಂಡೂರಿನ ರಸ್ತೆಗೆ ನನಗಂತೂ ಕಾಗದವೇ ಸಾಕು.

ಕೂರಿಸುವುದು

ಡಬ್ಬಿಯ ಒಳಗಿನ ಕಸ, ಎಲೆ, ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಳಿ ಹೊಡೆದರೆ ಧೂಳು ಪೈಪಿನೊಳಗೆ ಹಾರುತ್ತದೆ, ಅದಕ್ಕೇ ಬಟ್ಟೆ. ಒರೆಸುವಾಗ ಇಂಜಿನ್ ಕಡೆಯ ಬಾಯಿಗೆ ಒಂದು ಶುಭ್ರ ಬಟ್ಟೆ ತುರುಕಿಡಿ, ಮುಗಿದ ಮೇಲೆ ತೆಗೆಯಲು ಮರೆಯಬೇಡಿ. ಅಂಚು ಕೂರುವ ಕಾಲುವೆಯಲ್ಲಿ ಒಂದು ಮರಳು ಕಾಳು ಸಿಕ್ಕಿದ್ದರೂ ಅಲ್ಲಿ ಫಿಲ್ಟರ್ ಎತ್ತಿ ನಿಲ್ಲುತ್ತದೆ.

ಫಿಲ್ಟರಿನ ಮೇಲೆ ಬಾಣದ ಗುರುತಿದ್ದರೆ ಅದು ಗಾಳಿ ಹೋಗುವ ದಿಕ್ಕು, ಇಂಜಿನ್ ಕಡೆ ತಿರುಗಿರಬೇಕು. ಇಲ್ಲದಿದ್ದರೆ ನೀವು ತೆಗೆದ ಫೋಟೊ ಇದೆ. ಕೂರಿಸಿ ಸುತ್ತ ಬೆರಳಾಡಿಸಿ. ತಾನಾಗಿ ಕೂತು, ಅಲುಗಾಡಿಸಿದರೆ ಕದಲಬಾರದು. ಮುಚ್ಚಳ ಇಟ್ಟಾಗ ಕ್ಲಿಪ್ ಹಾಕುವ ಮೊದಲು ಒಂದೆರಡು ಮಿಲಿಮೀಟರ್ ಮೇಲೇ ನಿಂತು, ಅಂಗೈಯಿಂದ ಒತ್ತಿದರೆ ಕೆಳಗಿಳಿಯಬೇಕು. ರಬ್ಬರ್ ಬಿಗಿಯಾಗುತ್ತಿದೆ ಅನ್ನೋದಕ್ಕೆ ಅದೇ ಗುರುತು. ಒತ್ತದೆಯೇ ಮುಚ್ಚಿಕೊಂಡರೆ ನನ್ನ ಭಾನುವಾರದ ಕಥೆ. ಮೊಣಕೈ ಹಾಕಿ ಒತ್ತಬೇಕಾಗಿ ಬಂದರೆ ಫಿಲ್ಟರ್ ದಪ್ಪವಾಯಿತು, ಮುಚ್ಚಳ ಬಾಗುತ್ತದೆ, ಕ್ಲಿಪ್ ಮುರಿಯುತ್ತದೆ. ಸ್ಕ್ರೂ ಇರುವ ಡಬ್ಬಿಯಾದರೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದು ಮೂಲೆಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಮುಚ್ಚಳ ಓರೆಯಾಗುತ್ತದೆ.

ಅನುಮಾನ ಇದ್ದರೆ ಮೇಸ್ತ್ರಿ ಕಲಿಸಿದ ಪೌಡರ್ ಉಪಾಯ ಮಾಡಿ. ಫಿಲ್ಟರಿನ ಅಂಚಿಗೆ ಒತ್ತಿಕೊಳ್ಳುವ ಮುಚ್ಚಳದ ಏಣಿನ ಮೇಲೆ ತೆಳ್ಳಗೆ ಮುಖಕ್ಕೆ ಹಚ್ಚುವ ಪೌಡರ್ ಸವರಿ, ಮುಚ್ಚಿ, ಕ್ಲಿಪ್ ಹಾಕಿ, ಮತ್ತೆ ಬಿಚ್ಚಿ. ರಬ್ಬರಿನ ಮೇಲೆ ಸುತ್ತಲೂ ಎಲ್ಲೂ ತುಂಡಾಗದ ಬಿಳಿ ಗೆರೆ ಮೂಡಿರಬೇಕು. ನನ್ನ ಕಾರಿನಲ್ಲಿ ಬ್ಯಾಟರಿ ಕಡೆಯ ಮೂಲೆಯಲ್ಲಿ ನಾಲ್ಕು ಬೆರಳಿನಷ್ಟು ಉದ್ದ ಗೆರೆಯೇ ಇರಲಿಲ್ಲ, ಪೈಪಿನೊಳಗೆ ಮಣ್ಣಿನ ಜಾಡು ಶುರುವಾಗಿದ್ದೂ ಅದೇ ಬದಿಯಿಂದ. ಪರೀಕ್ಷೆ ಆದ ಮೇಲೆ ಪೌಡರ್ ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಸೋರುತ್ತಿದ್ದರೆ ಗ್ರೀಸ್ ಮೆತ್ತಿ, ಸ್ಪಂಜು ಅಂಟಿಸಿ ಸರಿಮಾಡಲು ಹೋಗಬೇಡಿ, ಆ ಫಿಲ್ಟರ್ ವಾಪಸ್ ಕೊಡಿ.

ಡಬ್ಬಿ ಮುಚ್ಚಿದ ಮೇಲೆ ಇಂಜಿನ್ನಿಗೆ ಹೋಗುವ ಪೈಪಿನ ಎರಡೂ ತುದಿಯ ಕ್ಲಾಂಪ್ ಬಿಗಿಯಾಗಿದೆಯಾ, ರಬ್ಬರಿನ ಮಡಿಕೆಗಳಲ್ಲಿ ಸೀಳಿದೆಯಾ ನೋಡಿ. ಅಲ್ಲಿ ಬಿರುಕಿದ್ದರೆ ಎಂಥ ಫಿಲ್ಟರ್ ಹಾಕಿದರೂ ದಂಡ.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಮುಚ್ಚಳ ಬಿಚ್ಚಿ ಇಂಜಿನ್ ಕಡೆ ಮತ್ತೆ ಬಿಳಿ ಬಟ್ಟೆ ಆಡಿಸಿ. ಬಿಳಿಯಾಗಿ ಬಂದರೆ ಪಾಸು. ಆಮೇಲೆ ಪದೇ ಪದೇ ಬಿಚ್ಚಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಜೋರಾಗಿ ಗಾಳಿ ಹೊಡೆಸುವ ಚಟವೂ ಬೇಡ, ಆ ರಭಸಕ್ಕೆ ಕಾಗದದ ನಾರು ಬಿಚ್ಚಿಕೊಳ್ಳುತ್ತದೆ. ಮೇಲೆ ಕೂತ ತೆಳು ಧೂಳಿನ ಪದರವೇ ಮುಂದಿನ ಸಣ್ಣ ಧೂಳನ್ನು ಹಿಡಿಯುತ್ತದೆ, ಹಾಗಾಗಿ ಒಂಚೂರು ಮಾಸಿದ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕಸ ಬಹಳ ಇದ್ದರೆ ಮೆಲ್ಲಗೆ ತಟ್ಟಿ ಉದುರಿಸಿ. ನೀರಿನಲ್ಲಿ ತೊಳೆಯುವುದಂತೂ ಕಾಗದದ ಫಿಲ್ಟರಿಗೆ ಆಗದ ಕೆಲಸ.

ಹಾಕಿದ ದಿನ ಮತ್ತು ಆಗಿನ ಕಿಲೋಮೀಟರನ್ನು ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ. ಹೊಸ ಫಿಲ್ಟರ್ ಬಂದ ಡಬ್ಬಿಯ ಮೇಲೆ ಪಾರ್ಟ್ ನಂಬರ್ ಇರುವ ರಟ್ಟನ್ನು ಕತ್ತರಿಸಿ ಗ್ಲೋವ್‌ಬಾಕ್ಸಿನಲ್ಲಿ ಇಡಿ. ಮುಂದಿನ ಸಲ ಭಾನುವಾರವೇ ಆದರೂ, ಅಂಗಡಿ ಯಾವುದೇ ಆದರೂ, ಆ ರಟ್ಟನ್ನು ಕೌಂಟರಿನ ಮೇಲೆ ಇಟ್ಟರಾಯಿತು.